ಹಬೆ, ಗಾಳಿ ಮತ್ತು ಶಸ್ತ್ರಕ್ರಿಯೆಯ ಸಲಕರಣೆಗಳು

ಶಸ್ತ್ರಕ್ರಿಯೆಯ ಸಲಕರಣೆಗಳನ್ನು ತೊಳೆದು ಹೊಳೆಯಿಸುವುದಕ್ಕೂ ಅವನ್ನು ಕ್ರಿಮಿಶೂನ್ಯಗೊಳಿಸುವುದಕ್ಕೂ ಇರುವ ಅಂತರ ಕಣ್ಣಿಗೆ ಕಾಣುವಂಥದಲ್ಲ. ಬ್ಯಾಕ್ಟೀರಿಯಾಗಳ ಜೊತೆಗೆ ಅವುಗಳಲ್ಲಿ ಕೆಲವು ಪ್ರತಿಕೂಲ ಸ್ಥಿತಿಯಲ್ಲಿ ತಾಳುವ ಗಟ್ಟಿಕವಚದ ಸುಪ್ತರೂಪಗಳು, ಅಂದರೆ ಬೀಜಕಗಳು, ನಾಶವಾದ ಮೇಲೆಯೇ ಆ ಮಾತಿಗೆ ಅರ್ಥ ಬರುತ್ತದೆ. ಧನುರ್ವಾಯುವಿಗೂ ಗ್ಯಾಸ್ ಗ್ಯಾಂಗ್ರೀನಿಗೂ ಕಾರಣವಾದ ಕ್ಲಾಸ್ಟ್ರಿಡಿಯಂ ಕುಲದ ಜೀವಿಗಳು ಇಂಥ ಬೀಜಕಗಳನ್ನು ಕಟ್ಟುವುದರಿಂದ ಈ ಭೇದ ಬರಿಯ ಪಂಡಿತಚರ್ಚೆಯಲ್ಲ. ಸೂಜಿ, ಸಿರಿಂಜುಗಳನ್ನು ನೀರಿನಲ್ಲಿ ಕುದಿಸಿ ಬಳಸುತ್ತಿದ್ದ ಹಿಂದಿನ ಪದ್ಧತಿ ಬೀಜಕಗಳ ಮಟ್ಟಿಗೆ ನೆಚ್ಚುವಂಥದಾಗಿರಲಿಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಂತೂ ನೀರು 97 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕುದಿದುಬಿಡುತ್ತದೆ.

ಜೋಸೆಫ್ ಲಿಸ್ಟರ್ 1867ರಲ್ಲಿ ಪ್ರಕಟಿಸಿದ ಕಾರ್ಬಾಲಿಕ್ ಆಮ್ಲದ ವಿಧಾನ ಗಾಯಕ್ಕೆ ಸೇರುವ ಕ್ರಿಮಿಯನ್ನು ರಾಸಾಯನಿಕದಿಂದ ಕೊಲ್ಲಲು ಹೊರಟಿತ್ತು. ಕ್ರಿಮಿ ಗಾಯದ ಬಳಿಗೇ ಬಾರದಂತೆ ತಡೆಯಬೇಕೆಂಬ ವಿಚಾರ ಬಲಿತದ್ದು ಅನಂತರದ ಎರಡು ದಶಕಗಳಲ್ಲಿ. ಪಾಶ್ಚರನ ಸಹೋದ್ಯೋಗಿ ಶಾರ್ಲ್ ಶಾಂಬರ್ಲಾನ್ ಒತ್ತಡದ ಹಬೆಯ ಪಾತ್ರೆಯಾದ ಆಟೋಕ್ಲೇವನ್ನು ರೂಪಿಸಿದ. ಬರ್ಲಿನ್ನಿನಲ್ಲಿ ಅರ್ನ್ಸ್ಟ್ ಫಾನ್ ಬರ್ಗ್‌ಮನ್ ಮತ್ತು ಅವನ ಸಹಾಯಕ ಕುರ್ಟ್ ಶಿಮ್ಮೆಲ್‌ಬುಷ್ ಹಬೆಯ ಶುದ್ಧೀಕರಣವನ್ನು ಶಸ್ತ್ರಕ್ರಿಯೆಯ ನಿತ್ಯವಿಧಿಯಾಗಿಸಿದರು.

ಒಣಶಾಖಕ್ಕೆ 160 ಡಿಗ್ರಿಯಲ್ಲಿ ಎರಡು ಗಂಟೆ ಹಿಡಿಯುವ ಕೆಲಸವನ್ನು ಹಬೆ 121 ಡಿಗ್ರಿಯಲ್ಲಿ 15 ನಿಮಿಷಕ್ಕೆ, 134 ಡಿಗ್ರಿಯಲ್ಲಿ ಮೂರೇ ನಿಮಿಷಕ್ಕೆ ಮುಗಿಸುತ್ತದೆ. ತಣ್ಣಗಿನ ಲೋಹವನ್ನು ಮುಟ್ಟಿದ ಹಬೆ ನೀರಾಗುವಾಗ ತನ್ನೊಳಗಿನ ಗುಪ್ತೋಷ್ಣವನ್ನು, ಅಂದರೆ ನೀರು ಆವಿಯಾಗುವಾಗ ಹೀರಿಕೊಂಡಿದ್ದ ಶಾಖವನ್ನು, ಅಲ್ಲೇ ಬಿಟ್ಟುಕೊಡುತ್ತದೆ; ಆ ತೇವವೇ ಜೀವಾಣುವಿನ ಪ್ರೋಟೀನನ್ನು ಬೇಗ ಹೆಪ್ಪುಗಟ್ಟಿಸುತ್ತದೆ. ಇದಕ್ಕೆ ಇರುವ ದೊಡ್ಡ ಅಡ್ಡಿ ಗಾಳಿ. ಮಾಪಕ 15 ಪೌಂಡ್ ಒತ್ತಡ ತೋರಿಸುತ್ತಿದ್ದರೂ ಪಾತ್ರೆಯೊಳಗಿನ ಗಾಳಿಯಲ್ಲಿ ಅರ್ಧದಷ್ಟು ಉಳಿದಿದ್ದರೆ ಉಷ್ಣತೆ 112 ಡಿಗ್ರಿಯನ್ನು ದಾಟುವುದಿಲ್ಲ. ಪ್ರೆಷರ್ ಕುಕ್ಕರಿನಲ್ಲಿ ಹಬೆ ಭರದಿಂದ ಹೊರಬಂದ ಮೇಲೆಯೇ ವೆಯ್ಟ್ ಇಡುವ ಅಡುಗೆಮನೆಯ ರೂಢಿಯಲ್ಲಿರುವುದೂ ಇದೇ ನಿಯಮ. ಬೆಂಗಳೂರಿನಲ್ಲಿ ಗಾಳಿಯನ್ನು ಪೂರ್ತಿ ಹೊರಹಾಕಿದರೂ ಅದೇ 15 ಪೌಂಡಿಗೆ ಸುಮಾರು 119 ಡಿಗ್ರಿ ಮಾತ್ರ ಸಿಗುತ್ತದೆ, ಏಕೆಂದರೆ ಮಾಪಕ ತೋರಿಸುವುದು ಹೊರಗಿನ ವಾಯುಭಾರಕ್ಕಿಂತ ಹೆಚ್ಚಾದ ಒತ್ತಡವನ್ನಷ್ಟೇ, ಆ ವಾಯುಭಾರವೇ ಎತ್ತರದ ಊರಿನಲ್ಲಿ ಕಡಿಮೆ. ಆದ್ದರಿಂದ ನಂಬಬೇಕಾದದ್ದು ಉಷ್ಣಮಾಪಕವನ್ನು, ಒತ್ತಡದ ಮುಳ್ಳನ್ನಲ್ಲ.

ನಂಬದಿದ್ದರೆ ಏನಾಗುತ್ತದೆಂಬುದಕ್ಕೆ ಇಂಗ್ಲೆಂಡಿನ ಡೆವನ್‌ಪೋರ್ಟ್ ಪ್ರಕರಣ ಸಾಕ್ಷಿ. 1972ರಲ್ಲಿ ಅಲ್ಲಿನ ಆಸ್ಪತ್ರೆಯೊಂದರಲ್ಲಿ ಡೆಕ್ಸ್‌ಟ್ರೋಸ್ ದ್ರಾವಣದ ಡ್ರಿಪ್ ಪಡೆದ ರೋಗಿಗಳು ಸತ್ತರು; ಹಿಂದಿನ ವರ್ಷ ಕಾರ್ಖಾನೆಯ ಆಟೋಕ್ಲೇವಿನ ತಳದಲ್ಲಿ ಗಾಳಿ ಉಳಿದು ಕೆಳಸಾಲಿನ ಬಾಟಲಿಗಳು ಬೇಕಾದಷ್ಟು ಕಾಯ್ದಿರಲಿಲ್ಲವೆಂದು ವಿಚಾರಣೆಯಿಂದ ತಿಳಿಯಿತು. ಅಲ್ಲಿ ಕೆಟ್ಟದ್ದು ಸಲಕರಣೆಯಲ್ಲ, ದ್ರಾವಣ. ಆದರೆ ಭೌತನಿಯಮ ಒಂದೇ. ಉಷ್ಣತೆ ಏರಿಲ್ಲವೆಂದು ಯಂತ್ರವೇ ದಾಖಲಿಸುತ್ತಿದ್ದುದನ್ನು ಯಂತ್ರದ ದೋಷವೆಂದು ಬಗೆದದ್ದು ಗಾಳಿಗಿಂತ ದೊಡ್ಡ ಅಪರಾಧವೆನ್ನಬೇಕು.

ಗಾಳಿಯನ್ನು ಪತ್ತೆಹಚ್ಚಲು ಬೋವಿ ಮತ್ತು ಡಿಕ್ ಎಂಬ ಇಬ್ಬರು 1963ರಲ್ಲಿ ಸೂಚಿಸಿದ ಪರೀಕ್ಷೆ ಸರಳವಾದದ್ದು. ಮಡಿಸಿ ಪೇರಿಸಿದ ಟವೆಲ್ಲುಗಳ ನಡುವೆ, ಶಾಖಕ್ಕೆ ಬಣ್ಣ ಬದಲಿಸುವ ಪಟ್ಟಿಯನ್ನು ಓರೆಶಿಲುಬೆಯಾಗಿ ಅಂಟಿಸಿದ ಹಾಳೆಯನ್ನಿಟ್ಟು, ನಿರ್ವಾತದಿಂದ ಗಾಳಿ ಸೆಳೆಯುವ ಆಟೋಕ್ಲೇವಿನಲ್ಲಿ ಹಾಯಿಸುತ್ತಾರೆ. ಪಟ್ಟಿಯ ಅಂಚು ಕಪ್ಪಾಗಿ ನಡುವೆ ಮಾಸಲು ಉಳಿದರೆ ಅಲ್ಲಿ ಗಾಳಿ ಸಿಕ್ಕಿಕೊಂಡಿದೆಯೆಂದು ಅರ್ಥ. ಈ ಪರೀಕ್ಷೆ ಹೇಳುವುದು ಹಬೆ ಒಳಹೊಕ್ಕಿತೆಂಬುದನ್ನಷ್ಟೇ. ಕ್ರಿಮಿ ಸತ್ತಿತೇ ಎಂಬುದನ್ನು ತಿಳಿಯಲು ಶಾಖವನ್ನು ಬಹುವಾಗಿ ತಾಳುವ ಜಿಯೊಬ್ಯಾಸಿಲಸ್ ಸ್ಟಿಯರೊಥರ್ಮೊಫಿಲಸ್ ಜೀವಿಯ ಬೀಜಕಗಳನ್ನು ಆಟೋಕ್ಲೇವಿನೊಳಗಿಟ್ಟು, ಆಮೇಲೆ ಅವು ಮೊಳೆಯುತ್ತವೆಯೇ ಎಂದು ನೋಡಬೇಕು.

ಎಷ್ಟು ಪರೀಕ್ಷಿಸಿದರೂ ಕೈಕೆಲಸದ ಸೋಮಾರಿತನವನ್ನು ಯಂತ್ರ ತಿದ್ದಲಾರದು. ಆರ್ಟರಿ ಫಾರ್ಸೆಪ್ಸಿನ ಕೀಲಿನಲ್ಲಿ ಒಣಗಿದ ರಕ್ತ ಹಬೆಗೆ ಮರೆಯೊಡ್ಡುವುದರಿಂದ ಅದನ್ನು ಮೊದಲೇ ಉಜ್ಜಿ ತೊಳೆದು, ಬಾಯಿ ತೆರೆದೇ ಇಡಬೇಕು. ಬಟ್ಟಲನ್ನು ಅಂಗಾತ ಇಟ್ಟರೆ ಹಬೆಗಿಂತ ಭಾರವಾದ ಗಾಳಿ ಅದರಲ್ಲೇ ನಿಲ್ಲುವುದರಿಂದ ಅಡ್ಡಲಾಗಿ ಒರಗಿಸಬೇಕು. ತೇವವಾಗಿಯೇ ಹೊರಬಂದ ಪೊಟ್ಟಣ ಒಳಗೆ ಕ್ರಿಮಿಶೂನ್ಯವಾಗಿದ್ದರೂ ಒದ್ದೆ ಬಟ್ಟೆಯ ಮೂಲಕ ಹೊರಗಿನ ಜೀವಾಣುಗಳು ಒಳಸೇರುವುದರಿಂದ, ಅದನ್ನು ಬಿಚ್ಚಿ, ಒಣ ಬಟ್ಟೆಯಲ್ಲಿ ಹೊಸದಾಗಿ ಸುತ್ತಿ, ಮತ್ತೆ ಆಟೋಕ್ಲೇವಿಗೆ ಹಾಕಬೇಕಾಗುತ್ತದೆ.