ಐದರೊಳಗಿನ ಪಾಠ, ನಲವತ್ತರ ಆರೋಗ್ಯ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಎಲ್ಲೇ ಇರಲಿ, ನಲವತ್ತು ದಾಟಿದ ನಾವು ಸೇರಿದಲ್ಲೆಲ್ಲ ಆಡುವ ಮಾತು ರಕ್ತದೊತ್ತಡ, ಸಕ್ಕರೆ ಕಾಯಿಲೆಗಳದೇ. ಮಕ್ಕಳ ಪ್ರೀಸ್ಕೂಲಿನ ವಿಷಯ ಬಂದಾಗ ಮಾತ್ರ ನಮ್ಮ ಪ್ರಶ್ನೆ, "ಎಷ್ಟು ಬೇಗ ಓದಲು ಕಲಿಸುತ್ತಾರೆ?" ಈ ಎರಡಕ್ಕೂ ನಂಟಿದೆ ಎಂಬುದನ್ನು ತಮ್ಮ ಮುಂದಿಡಲು ಬಯಸುತ್ತೇವೆ.

ನಾರ್ತ್ ಕೆರೊಲಿನಾದ ಚಾಪೆಲ್ ಹಿಲ್‌ನಲ್ಲಿ 1972ರಲ್ಲಿ ಅಬೆಸಿಡೇರಿಯನ್ ಎಂಬ ಪ್ರಯೋಗ ಆರಂಭವಾಯಿತು. ಬಡ ಕುಟುಂಬಗಳ 111 ಶಿಶುಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಐದು ವರ್ಷದವರೆಗೆ ದಿನವಿಡೀ ಆಟ, ಮಾತುಕತೆ, ಪೌಷ್ಟಿಕ ಊಟ, ವೈದ್ಯರ ತಪಾಸಣೆ ದೊರೆತವು. ಅವರು ಮೂವತ್ತೈದರ ಆಸುಪಾಸಿಗೆ ಬಂದಾಗಿನ ಫಲಿತಾಂಶ 2014ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಗಂಡಸರಲ್ಲಿ ವ್ಯತ್ಯಾಸ ಎದ್ದು ಕಂಡಿತು. ಅವರ ರಕ್ತದೊತ್ತಡದ ಮೇಲಿನ ಅಂಕಿ ಸರಾಸರಿ 126. ಇನ್ನೊಂದು ಗುಂಪಿನವರದು 143. ಗುಂಪು ಚಿಕ್ಕದು, ನಿಜ. ಊಟದ ಪಾಲೆಷ್ಟು, ಪಾಠದ ಪಾಲೆಷ್ಟು ಎಂದು ಬಿಡಿಸಿ ಹೇಳಲಾಗದು. ಉಳ್ಳವರ ಮಕ್ಕಳಿಗೂ ಅಷ್ಟೇ ಫಲ ಸಿಕ್ಕೀತೆನ್ನಲೂ ಆಗದು. ಆದರೂ 'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ' ಎಂಬ ಹಿರಿಯರ ಮಾತು ನಡತೆಗಷ್ಟೇ ಅಲ್ಲ, ಹೃದಯಕ್ಕೂ ಸಲ್ಲುತ್ತದೆ ಎಂದಾಯಿತು.

ಈ ವಿಚಾರ ಟೆಕ್ಸಾಸ್‌ಗೆ ಹೊಸದಲ್ಲ. ಆಸ್ಟಿನ್ ಬಂಧುಗಳು ಲಿಂಡನ್ ಜಾನ್ಸನ್ ಹೆಸರಿನ ಗ್ರಂಥಾಲಯ ಬಲ್ಲರು. ಕೊಟುಲ್ಲಾ ಊರಿನ ಬಡ ಮಕ್ಕಳಿಗೆ 1928ರಲ್ಲಿ ಮೇಷ್ಟರಾಗಿದ್ದ ಅವರು, ರಾಷ್ಟ್ರಾಧ್ಯಕ್ಷರಾಗಿ 1965ರಲ್ಲಿ ಹೆಡ್ ಸ್ಟಾರ್ಟ್ ಆರಂಭಿಸಿದರು. ಅಲ್ಲಿಯೂ ಪಾಠದ ಜೊತೆಗೆ ಊಟ, ಹಲ್ಲಿನ ತಪಾಸಣೆ, ಲಸಿಕೆ ಇದ್ದವು. ಕರ್ನಾಟಕದಲ್ಲಿ 1975ರಲ್ಲಿ ತಿರುಮಕೂಡಲು ನರಸೀಪುರದಿಂದ ಮೊದಲಾದ ಅಂಗನವಾಡಿ ಯೋಜನೆಯ ತಿರುಳೂ ಇದೇ.

ಇನ್ನೊಂದು ಮಾತು. ಶಾಲೆಗೆ ಇಂಗ್ಲಿಷ್ ಬೇಕೆಂದು ಹೆದರಿ ಮನೆಯಲ್ಲಿ ಕನ್ನಡ ನಿಲ್ಲಿಸುವವರು ನಮ್ಮಲ್ಲಿದ್ದಾರೆ. ಟೆಕ್ಸಾಸ್ ಕಾನೂನು ಹೇಳುವುದೇ ಬೇರೆ. ಇಂಗ್ಲಿಷ್ ಬಾರದ ನಾಲ್ಕು ವರ್ಷದ ಮಗು, ತಂದೆತಾಯಿಯ ಆದಾಯವೆಷ್ಟೇ ಇರಲಿ, ಸರ್ಕಾರಿ ಶಾಲೆಯ ಉಚಿತ ಪ್ರೀ-ಕೆ ತರಗತಿಗೆ ಅರ್ಹ. ಅದನ್ನು ಪೂರ್ಣ ದಿನ ನಡೆಸಬೇಕೆಂದು 2019ರಲ್ಲಿ ಕಾನೂನಾಯಿತು. ದಯವಿಟ್ಟು ತಮ್ಮ ಸ್ಕೂಲ್ ಡಿಸ್ಟ್ರಿಕ್ಟ್‌ನಲ್ಲಿ ವಿಚಾರಿಸಿರಿ. ಹೊಸದಾಗಿ ಬಂದ ಸಂಸಾರಗಳಿಗೂ ತಿಳಿಸಿರಿ.

ಶಾಲೆ ನೋಡಲು ಹೋದಾಗ ಅಕ್ಷರದ ಮಾತು ಆಮೇಲಿರಲಿ. ಏನು ಉಣಿಸುತ್ತಾರೆ, ಎಷ್ಟು ಹೊತ್ತು ಓಡಿ ಆಡಲು ಬಿಡುತ್ತಾರೆ, ಮಗುವಿನ ಮಾತಿಗೆ ಯಾರು ಕಿವಿಗೊಡುತ್ತಾರೆ ಎಂದು ಮೊದಲು ಕೇಳೋಣ. ಸಂಜೆ ಮನೆಯಲ್ಲಿ ನಾವೂ ಕಿವಿಗೊಡೋಣ, ಕನ್ನಡದಲ್ಲೇ.