ಉಪ್ಪಿನ ಹಿಂದೆ ಹೋಗುವ ನೀರು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತುಗಳು)

ಕಂಪ್ಯೂಟರ್ ಬಗ್ಗೆ ನಾಲ್ಕು ಮಾತು ಆಡಪ್ಪ ಎಂದು ಸಮಿತಿಯವರು ನನ್ನನ್ನು ಕರೆದರು. ಕ್ಷಮಿಸಬೇಕು, ನಾನು ಒಂಬತ್ತನೇ ತರಗತಿಯ ಒಂದು ಆಲೂಗಡ್ಡೆಯ ಬಗ್ಗೆ ಮಾತಾಡುತ್ತೇನೆ.

ನಮ್ಮ ವಿಜ್ಞಾನದ ಮೇಷ್ಟ್ರು ಹಸಿ ಆಲೂಗಡ್ಡೆಯ ಸಿಪ್ಪೆ ತೆಗೆದು, ನಡುವೆ ಬಟ್ಟಲಿನಂತೆ ಕೊರೆದು, ಅದರೊಳಗೆ ಒಂದು ಚಮಚ ಸಕ್ಕರೆ ಹಾಕಿ ನೀರಿನ ತಟ್ಟೆಯಲ್ಲಿ ಇಟ್ಟಿದ್ದರು. ಮಧ್ಯಾಹ್ನ ಊಟ ಮುಗಿಸಿ ಬಂದು ನೋಡಿದರೆ ಒಳಗೆ ನೀರು ನಿಂತಿತ್ತು. ಯಾರೂ ಸುರಿದಿರಲಿಲ್ಲ. ಪೊರೆಯ ಯಾವ ಬದಿಯಲ್ಲಿ ಉಪ್ಪು, ಸಕ್ಕರೆ ಹೆಚ್ಚಾಗಿ ಕರಗಿದೆಯೋ ಆ ಬದಿಗೆ ನೀರು ಹೋಗುತ್ತದೆ, ಇದೇ ಅಭಿಸರಣೆ ಎಂದರು. ಪರೀಕ್ಷೆಯಲ್ಲಿ ಬರೆದೆ, ಪೂರ್ತಿ ಅಂಕ ಬಂತು, ಅಲ್ಲಿಗೆ ಮರೆತೆ.

ಎರಡು ವರ್ಷದ ಹಿಂದೆ ನನ್ನ ಮಗನಿಗೆ ಭೇದಿ ಶುರುವಾಯಿತು. ಆಗ ಅವನಿಗೆ ಒಂದೂವರೆ ವರ್ಷ. ಊರಿಂದ ಅಜ್ಜಿ ಫೋನಿನಲ್ಲಿ, "ನೀರು ಕೊಡಬೇಡ, ಇನ್ನೂ ಜಾಸ್ತಿ ಆಗುತ್ತೆ" ಎಂದರು. ನಾನು ಬಿ.ಇ. ಓದಿದವನಲ್ಲವೇ! ಶಕ್ತಿ ಬರಲಿ ಎಂದು ಡಬ್ಬಿಯ ಹಣ್ಣಿನ ರಸ ಕೊಟ್ಟೆ, ಗ್ಲೂಕೋಸ್ ಪುಡಿಯನ್ನು ಲೆಕ್ಕವಿಲ್ಲದೆ ಕಲಸಿ ಕುಡಿಸಿದೆ. ಸಂಜೆಯ ಹೊತ್ತಿಗೆ ಭೇದಿ ಹೆಚ್ಚಾಯಿತು. ಮಗುವಿನ ಕಣ್ಣು ಗುಳಿಬಿದ್ದವು, ಅತ್ತರೆ ಕಣ್ಣೀರು ಬರಲಿಲ್ಲ. ಆಸ್ಪತ್ರೆಗೆ ಓಡಿದೆವು. ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ: "ಸಕ್ಕರೆ ಎಷ್ಟು ಹಾಕಿದ್ರಿ?" ಆಗ ಆಲೂಗಡ್ಡೆ ನೆನಪಾಯಿತು. ನಾನು ಸಕ್ಕರೆ ತುಂಬಿದ್ದು ಮಗುವಿನ ಕರುಳಿಗೆ. ಮೈಯಲ್ಲಿದ್ದ ನೀರೇ ಅದರೊಳಗೆ ಹರಿದಿತ್ತು. ಮಗ ಉಳಿದ. ಆದರೆ ಆ ರಾತ್ರಿಯನ್ನು ಮರೆಯಲಾರೆ. ಆಮೇಲೆ ಕೂತು ಓದಿದ್ದನ್ನು ಇಲ್ಲಿ ಹೇಳುತ್ತೇನೆ.

ಕರುಳಿನ ಒಳಗೋಡೆಗೆ ಒಂದೇ ಸಾಲಿನ ಜೀವಕೋಶಗಳ ಹೊದಿಕೆ ಇದೆ. ನಮ್ಮ ಪಠ್ಯದ ಅನುಲೇಪಕ ಅಂಗಾಂಶ ಎಂದರೆ ಅದೇ. ಕುಡಿದ ನೀರು, ಜೊಲ್ಲು, ಜೀರ್ಣರಸ ಎಲ್ಲ ಸೇರಿ ದೊಡ್ಡವರ ಕರುಳಿಗೆ ದಿನಕ್ಕೆ 8-9 ಲೀಟರ್ ದ್ರವ ಬರುತ್ತದೆ. ಮಲದಲ್ಲಿ ಹೊರಗೆ ಹೋಗುವುದು ಅರ್ಧ ಲೋಟದಷ್ಟು ಮಾತ್ರ. ಉಳಿದದ್ದೆಲ್ಲ ಈ ಹೊದಿಕೆಯನ್ನು ದಾಟಿ ರಕ್ತ ಸೇರುತ್ತದೆ.

ಹೇಗೆ ದಾಟುತ್ತದೆ? ನೀರನ್ನೇ ಎತ್ತಿ ಹಾಕುವ ಪಂಪು ಕೋಶದಲ್ಲಿಲ್ಲ, ಉಪ್ಪಿಗೆ ಇದೆ. ಕೋಶದ ರಕ್ತದ ಕಡೆಯ ಪೊರೆಯಲ್ಲಿರುವ ಪಂಪು ಸೋಡಿಯಂ ಅನ್ನು ಸದಾ ಹೊರಗೆ ತಳ್ಳುತ್ತಿರುತ್ತದೆ. ಆಗ ಕೋಶದೊಳಗೆ ಸೋಡಿಯಂ ಕಡಿಮೆಯಾಗಿ, ಕರುಳಿನ ಕಡೆಯಿಂದ ಇನ್ನಷ್ಟು ಒಳಗೆ ಬರುತ್ತದೆ. ಉಪ್ಪು ದಾಟಿದ ಕಡೆಗೆ ನೀರೂ ಹಿಂಬಾಲಿಸುತ್ತದೆ. ನಮ್ಮ ದೇಹದ ಅನೇಕ ಕೋಶಗಳ ಪೊರೆಯಲ್ಲಿ ನೀರಿಗೆಂದೇ ಸಣ್ಣ ಕಾಲುವೆಗಳಿವೆ. ಅವನ್ನು ಕಂಡುಹಿಡಿದ ಪೀಟರ್ ಆಗ್ರೆ ಅವರಿಗೆ 2003ರಲ್ಲಿ ನೊಬೆಲ್ ಬಂತು. ಆದರೆ ಕಾಲುವೆ ಬರೀ ದಾರಿ. ಯಾವ ಕಡೆಗೆ ಹರಿಯಬೇಕು ಎನ್ನುವುದನ್ನು ತೀರ್ಮಾನಿಸುವುದು ಕರಗಿರುವ ವಸ್ತುಗಳು.

ಕಾಲರಾದಲ್ಲಿ ರೋಗಾಣುವಿನ ವಿಷದಿಂದ ಉಪ್ಪು ತಿರುಗಿ ಕರುಳಿನೊಳಕ್ಕೆ ಸುರಿಯುತ್ತದೆ, ಅದರ ಹಿಂದೆ ನೀರು. ಬರೀ ನೀರು ಕುಡಿಸಿದರೆ ಸಾಲದು. ಆದರೆ ಆಗಲೂ ಒಂದು ಬಾಗಿಲು ತೆರೆದೇ ಇರುತ್ತದೆ. ಗ್ಲೂಕೋಸ್ ಮತ್ತು ಸೋಡಿಯಂ ಜೋಡಿಯಾಗಿ ಬಂದರೆ ಮಾತ್ರ ಒಳಗೆ ಬಿಡುವ ಬಾಗಿಲು ಅದು. ಇದನ್ನು 1960ರಲ್ಲಿ ರಾಬರ್ಟ್ ಕ್ರೇನ್ ಎಂಬ ವಿಜ್ಞಾನಿ ಸೂಚಿಸಿದರು. ಓಆರ್‌ಎಸ್ ಪ್ಯಾಕೆಟ್ಟಿನ ಗುಟ್ಟು ಇಷ್ಟೇ: ಸಕ್ಕರೆ ಇರುವುದು ಶಕ್ತಿಗಾಗಿ ಅಲ್ಲ, ಉಪ್ಪಿನ ಕೈ ಹಿಡಿದು ಒಳಗೆ ಕರೆದೊಯ್ಯುವುದಕ್ಕೆ.

1971ರ ಬಾಂಗ್ಲಾ ಯುದ್ಧದ ಸಮಯ. ಪಶ್ಚಿಮ ಬಂಗಾಳದ ಬನಗಾಂವ್‌ಗೆ ಬಂದ ನಿರಾಶ್ರಿತರಲ್ಲಿ ಕಾಲರಾ ಹಬ್ಬಿತ್ತು. ನರಕ್ಕೆ ಹಾಕುವ ಸಲೈನ್ ಸಾಲದಾಯಿತು. ಡಾ. ದಿಲೀಪ್ ಮಹಾಲನಬಿಸ್ ಅವರು ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ಇಡಿಸಿ, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ನೂರಕ್ಕೆ 30ರಷ್ಟಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಅವರು ತೀರಿಕೊಂಡ ಮರುವರ್ಷ, 2023ರಲ್ಲಿ, ಸರ್ಕಾರ ಪದ್ಮವಿಭೂಷಣ ಕೊಟ್ಟಿತು.

ತಾಯಂದಿರು ದಯವಿಟ್ಟು ಇದನ್ನು ಗಮನಿಸಿ. ಭೇದಿಯಾದಾಗ ನೀರು ನಿಲ್ಲಿಸಬೇಡಿ, ಎದೆಹಾಲು ನಿಲ್ಲಿಸಬೇಡಿ. ಓಆರ್‌ಎಸ್ ಪ್ಯಾಕೆಟ್ ಆಶಾ ಕಾರ್ಯಕರ್ತೆಯರ ಹತ್ತಿರ ಸಿಗುತ್ತದೆ. ಒಂದು ಲೀಟರಿನದಾದರೆ ಪೂರ್ತಿ ಪ್ಯಾಕೆಟ್ಟನ್ನು ಸರಿಯಾಗಿ ಒಂದು ಲೀಟರ್ ನೀರಿಗೇ ಕಲಸಿ. ಅದು ಸಿಗದಿದ್ದರೆ, ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಟೀ ಚಮಚದಲ್ಲಿ ತಲೆ ಸವರಿದ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಹೆಚ್ಚು ಹಾಕಿದರೆ ಹೆಚ್ಚು ಒಳ್ಳೆಯದು ಎಂದುಕೊಳ್ಳಬೇಡಿ. ನಾನು ಮಾಡಿದ ತಪ್ಪು ಅದೇ. ಚಮಚದಲ್ಲಿ ಸ್ವಲ್ಪ ಸ್ವಲ್ಪವೇ ಕುಡಿಸಿ. ಮಗು ಮಂಕಾದರೆ, ಕುಡಿಯದಿದ್ದರೆ, ಮಲದಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಈ ಶಾಲೆ ನನಗೆ ಬೇಕಾದ್ದನ್ನು ಕಲಿಸಿತ್ತು. ನಾನು ಅದನ್ನು ಉತ್ತರ ಪತ್ರಿಕೆಯಲ್ಲೇ ಬಿಟ್ಟು ಬಂದಿದ್ದೆ. ಮಕ್ಕಳೇ, ನೀವು ಹಾಗೆ ಮಾಡಬೇಡಿ. ಇವತ್ತು ಮನೆಗೆ ಹೋಗಿ ಒಂದು ಆಲೂಗಡ್ಡೆ ಕೊರೆದು ನಿಮ್ಮ ಅಜ್ಜಿಗೆ ತೋರಿಸಿ. ಕಳೆದ ಹಬ್ಬಕ್ಕೆ ಬಂದಾಗ ನಾನೂ ನನ್ನ ಅಜ್ಜಿಗೆ ತೋರಿಸಿದೆ. ಬಹಳ ಹೊತ್ತು ಅದನ್ನೇ ನೋಡಿ, "ಇದನ್ನ ಆಗಲೇ ಹೇಳಬಾರದಿತ್ತೇನೋ" ಎಂದರು.