ಬಯಲೂರಿನ ನೆರಳು, ನಗರದ ಉಸಿರು

(ಶಲವಡಿಯಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳನ್ನು ಉದ್ದೇಶಿಸಿದ ಭಾಷಣದ ಪಠ್ಯ)



ಶಲವಡಿಯ ಸುತ್ತ ಕಣ್ಣು ಹಾಯುವಷ್ಟು ದೂರವೂ ಎರೆಭೂಮಿ. ಹತ್ತಿ, ಕಡಲೆ, ಜೋಳ ಬೆಳೆಯುವ ಈ ಬಯಲಿನಲ್ಲಿ ಮರಗಳು ವಿರಳ. ಬೇಸಿಗೆಯ ಮಧ್ಯಾಹ್ನ ಹೊಲದಿಂದ ಮರಳಿದವರಿಗೆ ಬೇವಿನ ಕಟ್ಟೆಯ ಮೇಲೆ ದೊರೆಯುವ ಸಮಾಧಾನವನ್ನು ಇಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ. ಮಲೆನಾಡಿನಲ್ಲಿ ಕಾಡೇ ಊರನ್ನು ಕಾಯುತ್ತದೆ. ಬಯಲಿನಲ್ಲಿ ಒಂದೊಂದು ಮರವೂ ಆ ಹೊಣೆಯನ್ನು ಒಂಟಿಯಾಗಿ ಹೊರಬೇಕು. ನಗರದ ಸ್ಥಿತಿಯೂ ಬಯಲಿನಂತೆಯೇ.

ಹಸಿರು ಆರೋಗ್ಯವನ್ನು ಕಾಯುತ್ತದೆಂಬುದು ಬರಿಯ ಕವಿಕಲ್ಪನೆಯಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದ ಆಸ್ಪತ್ರೆಯೊಂದರ ದಾಖಲೆಗಳನ್ನು ಪರಿಶೀಲಿಸಿದ ರೋಜರ್ ಉಲ್ರಿಚ್ 1984ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಪಿತ್ತಕೋಶದ ಶಸ್ತ್ರಚಿಕಿತ್ಸೆಗೆ ಒಳಗಾದ 46 ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ಕಿಟಕಿಯಾಚೆ ಮರಗಳು ಕಾಣುತ್ತಿದ್ದವು. ಉಳಿದವರಿಗೆ ಇಟ್ಟಿಗೆಯ ಗೋಡೆ. ಮರಗಳನ್ನು ಕಂಡವರು ಬೇಗ ಮನೆಗೆ ಮರಳಿದರು. ಪ್ರಬಲ ನೋವುನಿವಾರಕಗಳ ಅಗತ್ಯವೂ ಅವರಿಗೆ ಕಡಿಮೆಯಾಗಿತ್ತು.

ನಮ್ಮ ನಾಡಿನದೇ ನಿದರ್ಶನ ಬೇಕಾದರೆ ಬೆಂಗಳೂರಿದೆ. ಹರಿಣಿ ನಾಗೇಂದ್ರ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಸಾಲುಮರಗಳಿರುವ ರಸ್ತೆಯಲ್ಲಿ ಮಧ್ಯಾಹ್ನದ ಗಾಳಿಯ ಉಷ್ಣತೆ 5.6 ಡಿಗ್ರಿಯವರೆಗೆ, ಡಾಂಬರಿನ ಉಷ್ಣತೆ 27.5 ಡಿಗ್ರಿಯವರೆಗೆ ಕಡಿಮೆಯಿತ್ತು. ಎಲೆಗಳು ಬಿಸಿಲನ್ನು ತಡೆಯುತ್ತವೆ. ಬೇರು ಹೀರಿದ ನೀರನ್ನು ಆವಿಯಾಗಿಸಿ ಸುತ್ತಲಿನ ಗಾಳಿಯನ್ನು ತಂಪಾಗಿಸುತ್ತವೆ. ತಂಪಿರುವಲ್ಲಿ ಜನ ನಡೆಯುತ್ತಾರೆ, ಕೂಡುತ್ತಾರೆ, ಮಾತಾಡುತ್ತಾರೆ. ದೇಹಕ್ಕೂ ಮನಸ್ಸಿಗೂ ಅದೇ ಔಷಧ.

ಈ ಊರಿನ ಮಕ್ಕಳು ಓದಿಗೆಂದು, ಹಿರಿಯರು ಚಿಕಿತ್ಸೆಗೆಂದು ಹುಬ್ಬಳ್ಳಿ-ಧಾರವಾಡಕ್ಕೆ ಹೋಗುತ್ತಾರೆ. ತ್ವರಿತ ಬಸ್ ಸಾರಿಗೆಗಾಗಿ ಆ ಅವಳಿ ನಗರಗಳ ನಡುವಿನ ರಸ್ತೆಯನ್ನು ಅಗಲಗೊಳಿಸಿದಾಗ ಅನೇಕ ಹಳೆಯ ಮರಗಳು ಉರುಳಿದವು. ರಸ್ತೆ ಬೇಕು, ಬಸ್ಸೂ ಬೇಕು. ಆದರೆ ಕಳೆದ ನೆರಳಿನ ಬೆಲೆಯನ್ನು ತೆರುವವರು ಕಾರಿನೊಳಗಿನವರಲ್ಲ. ನಡೆದು ಹೋಗುವವರು, ಬುಟ್ಟಿ ಇಟ್ಟು ಮಾರುವವರು, ಬಸ್ಸಿಗಾಗಿ ಕಾದು ನಿಂತವರು. ಅವರಲ್ಲಿ ಹಳ್ಳಿಯವರೇ ಬಹಳ.

ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರಲ್ಲಿಯೇ ಜಾರಿಗೆ ಬಂದಿದೆ. ಸಾರ್ವಜನಿಕ ಉದ್ದೇಶಕ್ಕಾಗಿ 50ಕ್ಕಿಂತ ಹೆಚ್ಚು ಮರಗಳನ್ನು ಕಡಿಯುವ ಪ್ರಸ್ತಾವವಿದ್ದರೆ ಜನರ ಆಕ್ಷೇಪಣೆಗಳನ್ನು ಆಹ್ವಾನಿಸಬೇಕೆಂದು ಅದು ವಿಧಿಸುತ್ತದೆ. ಆ ಪ್ರಕಟಣೆಯನ್ನು ಓದಿ, ಉತ್ತರಿಸುವವರಿಲ್ಲದಿದ್ದರೆ ಕಾಯ್ದೆ ಕಾಗದವಾಗಿಯೇ ಉಳಿಯುತ್ತದೆ. ವಿದ್ಯಾರ್ಥಿಗಳು ಆ ಕೆಲಸವನ್ನು ಕೈಗೆತ್ತಿಕೊಳ್ಳಬಲ್ಲರು.

ಊರಿನಲ್ಲಿಯೂ ಕೆಲಸವಿದೆ. ಶಾಲೆಯ ಅಂಗಳ, ಕೆರೆಯ ಏರಿಯಾಚೆಯ ಬರಿದು ನೆಲ, ಬಸ್ ನಿಲ್ದಾಣಗಳಲ್ಲಿ ಬೇವು, ಹೊಂಗೆ, ಆಲದ ಸಸಿಗಳು ಬೇರೂರಲಿ. ಸಸಿ ನೆಡುವುದು ಒಂದು ದಿನದ ಉತ್ಸವ. ಮೊದಲ ಮೂರು ಬೇಸಿಗೆ ನೀರುಣಿಸುವುದೇ ನಿಜವಾದ ವ್ರತ. ಇಂದು ನೀರೆರೆದ ಕೈಗಳಿಗೆ ನಾಳೆ ನೆರಳು ದೊರೆಯಲಿ.